ಬೈದಿದ್ದು ಅವನ್ನ, ತಗುಲಿದ್ದು ಚಿಕ್ಕವ್ವನ್ನ

ಕೊಬ್ಬರಿ ಒಡೆಯೋ ದಿನ ನಮ್ಮನೆ ಹಜಾರದಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿಮ್ಮನೆಗಳಲ್ಲೂ ಅಷ್ಟೆ ಅಲ್ವಾ. ಅಟ್ಟದ ಮೇಲೆ ತಿಂಗಳಾನುಗಟ್ಲೆ ಒಣಗಿದ ಕಾಯಿ ಇಳಿಸ್ಬೇಕು, ಸಿಪ್ಪೆ ಸುಲೀಬೇಕು, ಚಿಪ್ಪು ಒಡೆದು ಉಂಡೆ ಮುಕ್ಕಾಗದಂಗೆ ತೆಗೀಬೇಕು. ನಮ್ಮ ಚಿಕ್ಕವ್ವನ ಕೈಲಿ ಒಂದು ಉಂಡೆನೂ ಮುಕ್ಕಾಗಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅದೇ ಮೂಲೇಲಿ ಅದೇ ಮಣೆ ಮೇಲೆ ಕುಂತು ಒಡೀತಾ ಬಂದವ್ಳೆ.

ಹೋದ ವರ್ಷ ಮನೆ ಬಾಗಿಲಿಗೇ ಬಂದು ಕೊಳ್ಳೋ ಒಬ್ಬ ವ್ಯಾಪಾರಿಗೆ ಕೊಬ್ಬರಿ ಕೊಟ್ವಿ. ಅವನು ಚೀಲ ಎಲ್ಲ ತೂಗಿ ಬರ್ಕೊಂಡ, ದುಡ್ಡು ಎಣಿಸ್ದ, ಗಾಡಿಲಿ ಜಾಗ ಸಾಲ್ದೆ ಒಂದು ಚೀಲನ ನಾಳೆ ತಗೊಂಡೋಗ್ತೀನಿ ಅಂತ ಬಿಟ್ಟು ಹೋದ. ನನಗ್ಯಾಕೋ ಅನುಮಾನ. ಸಂಜೆ ಪಕ್ಕದ ಮನೆ ತಕ್ಕಡಿಗೆ ಆ ಚೀಲ ಹಾಕಿ ನೋಡಿದ್ರೆ, ಅವನು ಬರ್ಕೊಂಡಿದ್ದಕ್ಕಿಂತ ಎರಡು ಕೆಜಿ ಜಾಸ್ತಿ ಬಂತು! ಒಂದು ಚೀಲಕ್ಕೆ ಎರಡು ಕೆಜಿ ಅಂದ್ರೆ ಹೋಗಿರೋ ಚೀಲಕ್ಕೆಲ್ಲ ಎಷ್ಟು? ನನಗೆ ಮೈಯೆಲ್ಲ ಉರೀತು. ಜಗಲಿ ಮೇಲೆ ನಿಂತ್ಕೊಂಡು ಬೀದಿಗೆಲ್ಲ ಕೇಳೋ ಹಂಗೆ ಬೈದೆ. "ಮುಂಡೇಮಗ, ಬೋಳಿಮಗ, ನಮ್ಮ ಬೆವರು ತಿಂದ್ನಲ್ಲ" ಅಂತ.

ಒಳಗೆ ಮಚ್ಚಿನ ಸದ್ದು ನಿಂತೋಯ್ತು. ತಿರುಗಿ ನೋಡಿದ್ರೆ ಚಿಕ್ಕವ್ವ ಮಚ್ಚು ಕೆಳಗಿಟ್ಟು ನನ್ನೇ ನೋಡ್ತಾ ಇದ್ಲು. ಸಿಟ್ಟಿಲ್ಲ, ಅಳು ಇಲ್ಲ. "ಅವ್ನು ಗಾಡಿ ಹತ್ಕಂಡು ಆಗ್ಲೇ ಹೋದ ಕಣ್ ಮಗಾ. ನಾನಿಲ್ಲೇ ಕುಂತಿವ್ನಲ್ಲ" ಅಂದ್ಲು. ಅಷ್ಟೇ. ಮತ್ತೆ ಮಚ್ಚು ತಗೊಂಡು ಒಡೆಯೋಕೆ ಶುರು ಮಾಡಿದ್ಲು.

ಚಿಕ್ಕಪ್ಪ ಸತ್ತಾಗ ಚಿಕ್ಕವ್ವನಿಗೆ ಇಪ್ಪತ್ತಾರು. ಮಗ ಇನ್ನೂ ತೊಟ್ಟಿಲಲ್ಲಿದ್ದ. ಕೂಲಿನಾಲಿ ಮಾಡಿ, ತ್ವಾಟ ನೋಡ್ಕೊಂಡು, ಅವನ್ನ ಓದಿಸಿದ್ಲು. ಲೆಕ್ಕ ಹಾಕಿ ನೋಡಿ ಅಕ್ಕ, ನಾನು ಬೈದ ಮಾತಿಗೆ ಸರಿಯಾದ ಅರ್ಥ ಹಿಡಿದ್ರೆ ಈ ಊರಲ್ಲಿ ಮುಂಡೇಮಗ ಅಂದ್ರೆ ನನ್ನ ತಮ್ಮ. ಅವನು ಇವತ್ತಿಗೂ ಯಾರ ತೂಕದಲ್ಲೂ ಒಂದು ಗುಂಜಿ ಹೊಡ್ದಿಲ್ಲ. ತೂಕ ಹೊಡೆದವನಿಗೆ ಅಪ್ಪ ಅವ್ವ ಇಬ್ಬರೂ ಗಟ್ಟಿಮುಟ್ಟಾಗಿ ಅವ್ರೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈ ಮಾತುಗಳು ನಮ್ಮ ಬಾಯಿಗೆ ಎಲ್ಲಿಂದ ಬಂದ್ವು ಅಂತ ಆವತ್ತಿಂದ ಹುಡುಕ್ತಾ ಇದೀನಿ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಸಂಸ್ಕೃತದಲ್ಲಿ ಮುಂಡ ಅಂದ್ರೆ ಬೋಳಿಸಿದ ತಲೆ. ಮಕ್ಕಳ ಕೂದಲು ತೆಗೆಸೋಕೆ ಮುಂಡನ ಅಂತಾರಲ್ಲ, ಅದೇ ಮಾತು. ಮುಂಡೆ ಅಂದ್ರೆ ತಲೆ ಬೋಳಿಸಿದೋಳು, ಅಂದ್ರೆ ಗಂಡ ಸತ್ತೋಳು. ಕಿಟ್ಟೆಲ್ ಸಾಹೇಬರು 1894ರಲ್ಲಿ ಮಂಗಳೂರಲ್ಲಿ ಅಚ್ಚು ಹಾಕಿಸಿದ ದೊಡ್ಡ ನಿಘಂಟಲ್ಲೂ ಅದಕ್ಕೆ ವಿಧವೆ ಅಂತ ಅರ್ಥ ಐತೆ. ಬೋಳಿ ಅನ್ನೋದು ಅದರದೇ ಕನ್ನಡ. ರಂಡೆ ಅನ್ನೋದಕ್ಕೂ ವಿಧವೆ ಅನ್ನೋ ಅರ್ಥ ಐತೆ. ನಾವು ಮೂರು ಬೇರೆ ಬೇರೆ ಬೈಗುಳ ಅಂದ್ಕೊಂಡಿದೀವಿ. ಮೂರರಲ್ಲೂ ಕುಂತಿರೋಳು ಒಬ್ಬಳೇ, ಗಂಡನ್ನ ಕಳ್ಕೊಂಡ ಹೆಂಗಸು.

ಆ ತಲೆ ಬೋಳಿಸೋದು ಅವಳಾಗಿ ಮಾಡ್ಕೊಂಡಿದ್ದಲ್ಲ. ಹಳೇ ಕಾಲದಲ್ಲಿ, ಹೆಚ್ಚಾಗಿ ಬ್ರಾಹ್ಮಣರ ಮನೆಗಳಲ್ಲಿ, ಗಂಡ ಸತ್ತ ಮೇಲೆ ಹೆಂಡತಿ ತಲೆ ಬೋಳಿಸಿ, ಕೆಂಪು ಸೀರೆನೋ ಬಿಳಿ ಸೀರೆನೋ ಉಡಿಸಿ ಹಿಂದಿನ ಕೋಣೆಗೆ ಕಳಿಸ್ತಿದ್ರು. ಐದು ವರ್ಷಕ್ಕೇ ಆರು ವರ್ಷಕ್ಕೇ ಮದುವೆ ಮಾಡ್ತಿದ್ದ ಕಾಲ ಅದು. ಮುದುಕನಿಗೆ ಎಳೇ ಹುಡುಗಿನ ಕಟ್ಟಿದ್ರೆ ಅವಳು ವಿಧವೆ ಆಗದೆ ಇನ್ನೇನಾಗ್ತಾಳೆ? 1856ರಲ್ಲೇ ಇಂಗ್ಲಿಷರು ವಿಧವೆಯರು ಮತ್ತೆ ಮದುವೆ ಆಗಬಹುದು ಅಂತ ಕಾನೂನು ಮಾಡಿದ್ರು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡಂಗಿಲ್ಲ ಅಂತ ಕಾಯ್ದೆ ತಂತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿನ ಕಟ್ಟಿಕೊಳ್ಳಂಗಿಲ್ಲ ಅಂತಲೂ ಹೇಳ್ತು. ಎಂಟು ವರ್ಷ ಅಂತ ಒಂದು ಗೆರೆ ಎಳೀಬೇಕಾಗಿ ಬಂತು ಅಂದ್ರೆ ಅದಕ್ಕೂ ಕೆಳಗೆ ಎಷ್ಟು ಮಕ್ಕಳ ತಾಳಿ ಕಟ್ಟಿ ತಾಳಿ ಕಿತ್ತಿದ್ರೋ ನೀವೇ ಯೋಚ್ನೆ ಮಾಡಿ.

ನಂಜನಗೂಡು ತಿರುಮಲಾಂಬ ಅಂತ ಒಬ್ಬರಿದ್ರು. 1887ರಲ್ಲಿ ಹುಟ್ಟಿದೋರು. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ಇಲ್ಲ. ಮನೇಲೇ ಕೂತು ಓದಿದ್ರು, ಬರೆದ್ರು. 1913ರಲ್ಲಿ ‘ಸತೀಹಿತೈಷಿಣಿ’ ಅನ್ನೋ ಪುಸ್ತಕಮಾಲೆ ಶುರು ಮಾಡಿ ತಮ್ಮ ಕಾದಂಬರಿಗಳನ್ನ ತಾವೇ ಅಚ್ಚು ಹಾಕಿಸಿದ್ರು. ಆಮೇಲೆ ‘ಕರ್ನಾಟಕ ನಂದಿನಿ’ ಅಂತ ಹೆಂಗಸರ ಪತ್ರಿಕೆನೇ ನಡೆಸಿದ್ರು. ಕನ್ನಡದಲ್ಲಿ ಹೆಂಗಸರು ಬರೆದು, ಅಚ್ಚು ಹಾಕ್ಸಿ, ಓದೋ ದಾರಿ ಕಡಿದವರಲ್ಲಿ ಮೊದಲಿಗರು ಅವರು. ಇವತ್ತು ನಾವು ನಾಲ್ಕಕ್ಷರ ಬರೆದು ಒಬ್ಬರಿಗೊಬ್ಬರು ತೋರಿಸ್ತೀವಲ್ಲ, ಅದಕ್ಕೆ ಅಂಥೋರ ಋಣ ಐತೆ. ಅವರನ್ನ ಆ ಕಾಲದ ಬೀದಿ ಏನಂತ ಕರೀತಿತ್ತು ಅಂತ ನಾನು ಬಿಡಿಸಿ ಹೇಳಬೇಕಾ?

ನಮ್ಮಲ್ಲಿ ಎಷ್ಟೋ ಜನ ‘ಫಣಿಯಮ್ಮ’ ಓದಿದೀರ, ಇಲ್ಲ ಸಿನಿಮಾನಾದ್ರೂ ನೋಡಿದೀರ. ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ ಕಾದಂಬರಿ, ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದ್ರು. ಅದು ಕಟ್ಟುಕತೆ ಅಲ್ಲ, ಅವರ ವಂಶದಲ್ಲೇ ಬದುಕಿ ಹೋದ ಹೆಂಗಸಿನ ಕತೆ. ಬಾಲ್ಯದಲ್ಲೇ ಗಂಡ ಸತ್ತು, ತಲೆ ಬೋಳಿಸ್ಕೊಂಡು, ತುಂಬಾ ವರ್ಷ ಬಾಳಿ, ಮನೆಮಂದಿಗೆಲ್ಲ ಆಸರೆ ಆದೋಳು. ಅದನ್ನ ನೋಡಿ ಕಣ್ಣೀರು ಹಾಕಿದ ನಾವೇ ಬೆಳಗಾಗೆದ್ದು ಬಾಗಿಲಿಗೆ ಬಂದ ಹಸುಗೆ "ಹೋಗ್ ಮುಂಡೇದೆ" ಅಂತೀವಿ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ಆಗಿದ್ದು. ತಲೆ ಬೋಳಿಸೋ ಪದ್ಧತಿ ನಮ್ಮಂಥ ಒಕ್ಕಲು ಮನೆಗಳಲ್ಲಿ ಇರಲೇ ಇಲ್ಲ. ನಮ್ಮ ಸೀಮೆಲಿ ಬೇಸಾಯದೋರು, ಕುರಿ ಸಾಕೋರು, ಎಷ್ಟೋ ಜಾತಿಗಳಲ್ಲಿ ಕೂಡಿಕೆ ಇತ್ತು. ಗಂಡ ಸತ್ತೋಳು, ಗಂಡನ್ನ ಬಿಟ್ಟೋಳು, ಚಪ್ಪರ ವಾಲಗ ಇಲ್ಲದೆ ಒಂದು ಸೀರೆ ಉಡಿಸ್ಕೊಂಡು ಮತ್ತೆ ಸಂಸಾರ ಹೂಡ್ತಿದ್ಲು. ಹಳೇ ಮೈಸೂರಿನ ಜಾತಿಗಳ ಬಗ್ಗೆ ನಂಜುಂಡಯ್ಯ ಮತ್ತೆ ಅನಂತಕೃಷ್ಣ ಅಯ್ಯರ್ ಬರೆದ ದೊಡ್ಡ ಸಂಪುಟಗಳಲ್ಲಿ ಈ ಕೂಡಿಕೆ ವಿಷಯ ಬರುತ್ತೆ. ಪೂರಾ ಗೌರವ ಕೊಡ್ತಿದ್ರು ಅಂತ ನಾನು ಹೇಳಲ್ಲ. ಕೂಡಿಕೆಯಾದೋಳನ್ನ ಮದುವೆ ಶಾಸ್ತ್ರಕ್ಕೆ ಮುಂದೆ ಬಿಡ್ತಿರಲಿಲ್ಲ. ಆದ್ರೂ ಅವಳಿಗೊಂದು ದಾರಿ ಇತ್ತು.

ಹಂಗಾದ್ರೆ ನಮ್ಮ ಚಿಕ್ಕವ್ವನಿಗೆ ಯಾಕೆ ಕೂಡಿಕೆ ಮಾಡಲಿಲ್ಲ? ನಮ್ಮಜ್ಜಿನ ಕೇಳಿದ್ದೆ ಒಂದ್ಸಲ. "ನಾಕು ಜನ ಏನಂತಾರೆ, ಈಗ್ ನಾವು ಮರ್ಯಾದಸ್ತರಾಗಿವಿ" ಅಂದಿದ್ಲು. ಸ್ವಲ್ಪ ತ್ವಾಟ, ಸ್ವಲ್ಪ ದುಡ್ಡು, ನಾಲ್ಕಕ್ಷರ ಬಂದ ಮೇಲೆ ಮೇಲಿನೋರು ಮಾಡಿದಂಗೆ ನಾವೂ ಮಾಡ್ಬೇಕು ಅಂತ ಎಷ್ಟೋ ಮನೆತನಗಳು ಕೂಡಿಕೆನ ಕೈಬಿಟ್ವು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಇದಕ್ಕೆ ಸಂಸ್ಕೃತೀಕರಣ ಅಂತ ಹೆಸರಿಟ್ಟರು. ಮೇಲಿನೋರ ಮನೆ ಊಟ ತಿಂಡಿ ಮಂತ್ರ ಬರೋ ದಾರೀಲೇ ಅವರ ಮನೆ ವಿಧವೆ ಗೋಳೂ ನಮ್ಮನೆಗೆ ಬಂತು. ಬೈಗುಳ ಅಂತೂ ಅದಕ್ಕೂ ಮೊದಲೇ ಬಂದು ಬಾಯಲ್ಲಿ ಕುಂತಿತ್ತು.

ಆಸ್ತಿ ವಿಷಯನೂ ಹಿಂಗೇ. ಗಂಡ ಸತ್ತೋಳಿಗೆ ಹೊಟ್ಟೆಗೆ ಬಟ್ಟೆಗೆ ಅಷ್ಟೇ, ಪಾಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡ್ತು. ಇಂಗ್ಲಿಷರ ಸೀಮೆಗೆ ಅಂಥ ಕಾಯ್ದೆ ಬರೋಕೆ 1937 ಆಗಬೇಕಾಯ್ತು. ನಮ್ಮೋರು ನಾಲ್ಕು ವರ್ಷ ಮುಂದೆ ಇದ್ರು, ಅದಕ್ಕೆ ಹೆಮ್ಮೆ ಪಡೋಣ. ಆದ್ರೆ ಕಾಗದದ ಮೇಲೆ ಪಾಲು ಬಂದ್ರೂ ಬಾಯಿ ಮೇಲಿನ ಮಾತು ಹೋಗಲಿಲ್ಲ. ಪಾಲು ಕೇಳಿದ ವಿಧವೆಗೆ ಮೊದಲು ಸಿಗೋದು ಅದೇ ಬೈಗುಳ. "ಮುಂಡೆಗ್ಯಾಕೆ ಜಮೀನು" ಅಂತ ಪಂಚಾಯ್ತಿ ಕಟ್ಟೇಲಿ ಅಂದ ತಕ್ಷಣ ಅವಳ ಮಾತು ಅಲ್ಲಿಗೇ ಬಿದ್ದೋಗುತ್ತೆ. ಬೈಗುಳ ಬರೀ ಗಾಳಿ ಅಲ್ಲ ಅಕ್ಕ. ಪಾಲು ಕಿತ್ಕೊಳ್ಳೋಕೆ, ಬಾಯಿ ಮುಚ್ಚಿಸೋಕೆ ಇಟ್ಕೊಂಡಿರೋ ಆಯುಧ ಅದು. ನಾವು ವ್ಯಾಪಾರಿ ಮೇಲೆ ಅದನ್ನ ಎಸೆದಾಗಲೆಲ್ಲ ಆ ಆಯುಧಕ್ಕೆ ಸಾಣೆ ಹಿಡಿದಂಗೆ.

ತುರುವೇಕೆರೆ ಅತ್ತಿಗೆಗೆ ಇದನ್ನೆಲ್ಲ ಹೇಳ್ದಾಗ ನಕ್ಕುಬಿಟ್ರು. "ಅಯ್ಯೋ, ನಮ್ ಕಡೆ ಮುಂಡೇದೆ ಅನ್ನೋದು ಪ್ರೀತಿಗೆ ಕಣೇ. ಮೊಮ್ಮಗನ ಮುದ್ದು ಮಾಡ್ವಾಗ್ಲೂ ಅಂತೀವಿ, ಕುರಿ ಅಟ್ವಾಗ್ಲೂ ಅಂತೀವಿ. ಯಾರು ಅರ್ಥ ನೋಡ್ತಾರೆ?" ಅಂದ್ರು. ನಿಜವೇ, ನಾನೂ ಆ ಮುದ್ದಿನಲ್ಲೇ ಬೆಳೆದೋಳು. ಅಂದೋರು ಅರ್ಥ ನೋಡಲ್ಲ, ಒಪ್ಪಿದೆ. ಕೇಳಿಸ್ಕೊಂಡೋರು? ಮಡಿಲಕ್ಕಿಗೆ ಇಡೋ ಕೊಬ್ಬರಿ ಬಟ್ಟಲು ನಮ್ಮ ಕೇರಿಲಿ ಎಷ್ಟು ಮದುವೆಗೆ, ಎಷ್ಟು ಸೀಮಂತಕ್ಕೆ ಚಿಕ್ಕವ್ವ ಆರಿಸಿ ಕೊಟ್ಟಿಲ್ಲ? ಅವಳ ಮಡಿಲಿಗೆ ಒಂದು ಬಟ್ಟಲು ಬಿದ್ದು ಮೂವತ್ತು ವರ್ಷ ದಾಟೈತೆ. ಅಂಥೋಳ ಕಿವಿಗೆ ಆ ಮಾತು ಮುದ್ದಾಗಿ ಕೇಳುತ್ತಾ ಅಂತ ಅತ್ತಿಗೆನ ಕೇಳ್ದೆ. ಅತ್ತಿಗೆ ಸುಮ್ಮನಾದ್ರು. ಅವರ ತಂಗಿ ಕೊರೋನಾದಲ್ಲಿ ಗಂಡನ್ನ ಕಳ್ಕೊಂಡವ್ರೆ. ನಾನು ಅದನ್ನ ನೆನಪು ಮಾಡಲಿಲ್ಲ, ಅವರಿಗೇ ನೆನಪಾಯ್ತು.

ಗಂಡಸರ ಬಾಯಲ್ಲಿ ಇನ್ನೊಂದು ಮಾತು ಉಸಿರಿಗೊಂದು ಸಲ ಬರುತ್ತೆ. ಸೂಳೆಮಗ ಅಂತ. ಮಂಡಿಲಿ, ಬಸ್‌ಸ್ಟ್ಯಾಂಡಲ್ಲಿ, ಈಗೀಗ ಇಸ್ಕೂಲ್ ಹುಡುಗರ ಬಾಯಲ್ಲೂ. ಅದರ ಕತೆ ಕೇಳಿದ್ರೆ ನಿಮಗೆ ನಂಬಿಕೆ ಬರಲ್ಲ.

ಬಾದಾಮಿ ಹತ್ರ ಮಹಾಕೂಟ ಅಂತ ಕ್ಷೇತ್ರ ಐತೆ. ಅಲ್ಲಿ ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ ಶಾಸನ ಒಂದೈತೆ. ಅವನು ಆಳಿದ್ದು 696ರಿಂದ 733ರವರೆಗೆ. ದೊರೆಗೆ ಪ್ರಾಣದಂಥೋಳಾದ ವಿನಾಪೊಟಿ ಅನ್ನೋ ಹೆಂಗಸು ದೇವರಿಗೆ ಮಾಣಿಕದ ಪೀಠ, ಬೆಳ್ಳಿ ಕೊಡೆ, ಹೊಲ ದಾನ ಕೊಟ್ಟಳು ಅಂತ ಅದರಲ್ಲಿ ಕೆತ್ತವ್ರೆ. ಅವಳನ್ನ ‘ಸೂಳೆಯರ್’ ಅಂತ ಗೌರವದ ಬಹುವಚನದಲ್ಲಿ ಕರೆದವ್ರೆ. ಅವಳ ಅಜ್ಜಿ ಹೆಸರೂ ಐತೆ, ತಾಯಿ ಹೆಸರೂ ಐತೆ. ಇವತ್ತು ಬೀದೀಲಿ ಉಗಿಯೋ ಮಾತನ್ನೇ 1,300 ವರ್ಷದ ಹಿಂದೆ ದೇವಸ್ಥಾನದ ಕಲ್ಲಿನ ಮೇಲೆ ಮರ್ಯಾದೆಯಿಂದ ಬರೆದಿದ್ರು.

ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣೆಯರಲ್ಲಿ ಸೂಳೆ ಸಂಕವ್ವ ಅಂತ ಒಬ್ಬಳಿದ್ಲು. ನಿರ್ಲಜ್ಜೇಶ್ವರ ಅನ್ನೋ ಅಂಕಿತದಲ್ಲಿ ಅವಳ ವಚನ ಉಳಿದೈತೆ. ತನ್ನ ಕಸುಬನ್ನ ಮುಚ್ಚಿಡಲಿಲ್ಲ, ಹೆಸರಿನ ಮುಂದೇ ಇಟ್ಕೊಂಡ್ಲು. ಇನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇದೆಯಲ್ಲ, ಅಲ್ಲಿ ಕೆರೆ ಕಟ್ಟೋಕೆ ತಮ್ಮ ಜಾಗ ಬಿಟ್ಟುಕೊಟ್ಟ ಹೆಂಗಸರು ತಮ್ಮ ಹೆಸರೇ ಕೆರೆಗೆ ಇರ್ಬೇಕು ಅಂತ ಕೇಳಿದ್ರು ಅಂತ ಕತೆ. ಈಗ ಅದನ್ನ ಶಾಂತಿಸಾಗರ ಅಂತಾರೆ. ನೀರು ಮಾತ್ರ ಅದೇ ನೀರು, ಅದರ ಕೆಳಗೆ ಇವತ್ತಿಗೂ ಗದ್ದೆ ಬೆಳೀತವೆ.

ಆಮೇಲೆ ಕಾಲ ಕೆಟ್ತು. ದೇವರ ಹೆಸರಲ್ಲಿ ಬಡವರ ಮನೆ, ಹೆಚ್ಚಾಗಿ ದಲಿತರ ಮನೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ಊರ ದೊಡ್ಡೋರು ಬಳಸ್ಕೊಂಡ್ರು. ಮೈಸೂರು ಸಂಸ್ಥಾನ 1909ರ ಹೊತ್ತಿಗೆ ಮುಜರಾಯಿ ದೇವಸ್ಥಾನಗಳಲ್ಲಿ ಅದನ್ನ ನಿಲ್ಲಿಸ್ತು. ರಾಜ್ಯಕ್ಕೆಲ್ಲ ಸೇರಿ ಕಾನೂನು ಆಗಿದ್ದು 1982ರಲ್ಲಿ. ಅಂಥ ತಾಯಿ ಮಕ್ಕಳು ಇಸ್ಕೂಲಿಗೆ ಸೇರ್ವಾಗ ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೀಬೇಕು ಅಂತ ತಿಳೀದೆ ತಲೆ ತಗ್ಗಿಸಿ ನಿಂತ್ಕೊಂಡವ್ರೆ. ಕ್ಲಾಸಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಆ ಬೈಗುಳ ಅಂದಾಗ, ಬೈಸ್ಕೊಂಡೋನು ತಿರುಗಿ ಎರಡು ಬಿಟ್ಟು ಆಟಕ್ಕೆ ಹೋಗ್ತಾನೆ. ಮೂಲೇಲಿ ಕುಂತ ಆ ಮಗು ಎಲ್ಲಿಗೆ ಹೋಗುತ್ತೆ? ಆ ತಾಯಿನ ಆ ಸ್ಥಿತಿಗೆ ತಂದ ಗಂಡಸಿಗೆ ಅಂತ ನಮ್ಮ ಭಾಷೇಲಿ ಒಂದು ಬೈಗುಳ ಇಲ್ಲ, ಇದನ್ನ ಗಮನಿಸಿದೀರಾ? ಮುತ್ತು ಕಟ್ಟಿಸಿದ ಗೌಡನ ಮಗನಿಗೆ ಯಾರೂ ಹೆಸರಿಟ್ಟಿಲ್ಲ.

ಬೇವರ್ಸಿ ಅಂತಾನೂ ಅಂತೀವಿ. ಅದು ಪಾರಸಿ ಕಡೆಯಿಂದ ಬಂದಿದ್ದು, ವಾರಸುದಾರರು ಇಲ್ಲದೋನು ಅಂತ ಅರ್ಥ. ಯಾರೂ ದಿಕ್ಕಿಲ್ಲದೋನು. ಬಸ್‌ಸ್ಟ್ಯಾಂಡಲ್ಲಿ ಚೀಲ ತಲೆಗಿಟ್ಟು ಮಲಗಿರೋ ಮುದುಕ ನಿಜವಾದ ಬೇವರ್ಸಿ. ನಾವು ಆ ಮಾತಲ್ಲಿ ಬೈಯೋನಿಗೆ ಮಾತ್ರ ಮೂರು ಅಂತಸ್ತಿನ ಮನೆ ಇರುತ್ತೆ.

ಈಗ ಜಾತಿ ಹೆಸರಿನ ಬೈಗುಳಕ್ಕೆ ಬರ್ತೀನಿ. ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ಅನ್ನೋಕೆ ನಾಚದಿದ್ದ ಮೇಲೆ ಬರೆಯೋಕೆ ಏನು. ಕೊಳಕಾಗಿದ್ರೆ ಒಂದು ಜಾತಿ ಹೆಸರು, ಜಗಳ ಆಡಿದ್ರೆ ಕೊರಚರ ಹೆಸರು, ಕೆಲಸಕ್ಕೆ ಬಾರದೋನಿಗೆ ಹಜಾಮ ಅನ್ನೋದು. ಹಜಾಮ ಅನ್ನೋದು ಅರಬ್ಬಿ ಮಾತು. ಕೆಟ್ಟ ರಕ್ತ ತೆಗೆದು ನೋವು ವಾಸಿ ಮಾಡೋನಿಗೆ ಅಲ್ಲಿ ಆ ಹೆಸರು. ಹಿಂದೆ ಹಳ್ಳಿಗಳಲ್ಲಿ ಕ್ಷೌರದೋರೇ ಹುಣ್ಣು ಕುರು ಕೊಯ್ದು ಗುಣ ಮಾಡ್ತಿದ್ರು. ವೈದ್ಯನ ಹೆಸರು ನಮ್ಮ ಬಾಯಿಗೆ ಬಂದು ಬೈಗುಳ ಆಯ್ತು.

ಕೊರಮ ಕೊರಚರು ಹಿಂದೆ ಎತ್ತು ಕತ್ತೆ ಮೇಲೆ ಉಪ್ಪು, ಧಾನ್ಯ ಹೇರ್ಕೊಂಡು ಊರೂರಿಗೆ ಮುಟ್ಟಿಸ್ತಿದ್ದ ಜನ. ಬುಟ್ಟಿ ಮಂಕರಿ ಹೆಣೀತಿದ್ರು. ರೈಲು ಬಂದು ಅವರ ವ್ಯಾಪಾರ ಬಿದ್ದೋಯ್ತು. ಇಂಗ್ಲಿಷರು 1871ರಲ್ಲಿ ಒಂದು ಕಾಯ್ದೆ ತಂದು, ಹುಟ್ಟಿದ ಜಾತಿಯಿಂದಲೇ ಜನರನ್ನ ಕಳ್ಳರು ಅಂತ ಪಟ್ಟಿ ಮಾಡೋಕೆ ಶುರು ಮಾಡಿದ್ರು. 1911ರ ಹೊತ್ತಿಗೆ ಅದು ಮದ್ರಾಸು ಸೀಮೆಗೂ ಬಂತು, ಅಲ್ಲಿ ಕೊರಚರನ್ನೂ ಆ ಪಟ್ಟಿಗೆ ಹಾಕಿದ್ರು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯ್ತು. ನಮ್ಮ ನಾಲಿಗೆ ಮೇಲೆ ಮಾತ್ರ ಆ ಪಟ್ಟಿ ಇನ್ನೂ ಐತೆ. ತಮಾಷೆ ಏನು ಗೊತ್ತಾ, ಆ ಸಮಾಜದೋರು ತಮ್ಮೋರು ಅಂತ ಪೂಜೆ ಮಾಡೋದು ನುಲಿಯ ಚಂದಯ್ಯನವರನ್ನ. ಹುಲ್ಲಲ್ಲಿ ಹಗ್ಗ ಹೊಸೆದು ಮಾರಿ, ಬಂದಿದ್ದರಲ್ಲಿ ದಾಸೋಹ ಮಾಡಿದ ಶರಣ. ತೆಂಗಿನ ನಾರಿನ ಹಗ್ಗ ಹೊಸೆದು ಬದುಕೋ ಸೀಮೆಯೋರು ನಾವು. ನಾವೇ ಆ ಹೆಸರನ್ನ ಬೈಗುಳ ಮಾಡ್ಕೊಂಡಿದೀವಿ.

ದಲಿತರ ಜಾತಿ ಹೆಸರಿನ ಕತೆ ಇನ್ನೂ ನೋವಿನದು. ‘ಹೊಲೆಯ’ ಅನ್ನೋದು ಹೊಲ ಅನ್ನೋ ಮಾತಿಂದ ಬಂತು, ಹೊಲದಲ್ಲಿ ದುಡಿಯೋರು ಅಂತ ಅರ್ಥ, ಅಂತ ಹೇಳೋ ವಿದ್ವಾಂಸರಿದ್ದಾರೆ. ಆ ಹೆಸರನ್ನ ಎಷ್ಟು ಹೊಲಸು ಮಾಡಿದ್ವಿ ಅಂದ್ರೆ 1920ರ ದಶಕದಲ್ಲಿ ಮೈಸೂರು ಸರ್ಕಾರ ಆ ಹೆಸರಿನ ಬದಲು ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬಳಸೋ ಹಂಗಾಯ್ತು. ಈ ನಾಡಿನ ಮೊದಲಿಗರು ಅಂತ ಅದರ ಅರ್ಥ. ಈಗ ನಮ್ಮೂರುಗಳಲ್ಲಿ ಅವರು ಇರೋ ಕೇರಿಗೆ ಎಕೆ ಕಾಲೋನಿ ಅಂತೀವಿ. ಆದಿ ಕರ್ನಾಟಕ ಅಂತ ಬಿಡಿಸಿ ಹೇಳೋರಿಲ್ಲ. "ಅವ್ರು ಎಕೆ" ಅಂತ ದನಿ ತಗ್ಗಿಸಿ ಹೇಳೋರು ಮಾತ್ರ ಬೇಕಾದಷ್ಟು. ಹೆಸರು ಬದಲಾದ್ರೂ ದನಿ ಬದಲಾಗಲಿಲ್ಲ, ಹೊಸ ಹೆಸರಿಗೂ ಹಳೇ ಕೊಳೆ ಹತ್ತಿಸ್ತಾ ಇದೀವಿ.

1989ರಲ್ಲಿ ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆಯೋ ಕಾನೂನು ಬಂತು. ಅದಕ್ಕೆ ಮಾಡಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು, ಅದರಲ್ಲಿ ನಾಲ್ಕು ಜನರ ಮುಂದೆ ಜಾತಿ ಹೆಸರು ಹಿಡಿದು ಬೈಯೋದು ಅಪರಾಧ ಅಂತ ಬಿಡಿಸಿ ಬರೆದವ್ರೆ. ಒಳ್ಳೇದಾಯ್ತು. ಆದ್ರೆ ಆ ಕಲಮು ನೋಡೋದು ಬೈಸ್ಕೊಂಡೋನು ಆ ಜಾತಿಯೋನಾ ಅಂತ. ತ್ವಾಟದ ಬದುವಿನ ಜಗಳದಲ್ಲಿ ನಮ್ಮಂಥ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಅದೇ ಹೆಸರು ಹಿಡಿದು ಬೈದಾಡಿದ್ರೆ? ಇಬ್ಬರೂ ಸಂಜೆ ಹೊತ್ತಿಗೆ ರಾಜಿ ಆಗಿ ಟೀ ಕುಡೀತಾರೆ. ಮರದ ಮೇಲೆ ಕಾಯಿ ಕೀಳ್ತಾ ಅದನ್ನ ಕೇಳಿಸ್ಕೊಂಡೋನು ಯಾರ ಹತ್ರ ರಾಜಿ ಆಗಬೇಕು? ಅವನನ್ನ ಯಾರೂ ಬೈದಿಲ್ಲ. ಅವನ ಹೆಸರನ್ನ ಹೇಸಿಗೆ ಅಂತ ತಗೊಂಡು ಒಬ್ಬರ ಮುಖಕ್ಕೊಬ್ಬರು ಎರಚಿಕೊಂಡವ್ರೆ, ಅಷ್ಟೇ. ಅಲ್ಲಿ ಕಾನೂನು ಕೈಗೆ ಸಿಗಲ್ಲ. ಅದು ನಮ್ಮ ನಮ್ಮ ಮನೇಲೇ ಸರಿ ಆಗಬೇಕಾಗಿರೋದು.

ಕುಂಟ, ಕುರುಡ, ಮೂಗ ಅನ್ನೋದೂ ಇದೇ ಲೆಕ್ಕ. ದಾರಿ ನೋಡದೆ ಗಾಡಿ ಗುದ್ದಿಸ್ದೋನಿಗೆ ಎರಡು ಕಣ್ಣೂ ನೆಟ್ಟಗಿರ್ತವೆ. ನಿಜವಾಗಿ ಕಣ್ಣಿಲ್ಲದೋರು ಕೋಲು ಹಿಡಿದು ಎಷ್ಟು ಜೋಪಾನವಾಗಿ ರಸ್ತೆ ದಾಟ್ತಾರೆ!

ಈ ಬೈಗುಳಗಳಲ್ಲಿ ಹೆಚ್ಚಿನವು ಯಾಕೆ ‘ಮಗನೇ’ ಅಂತ ಮುಗೀತವೆ? ತಪ್ಪು ಮಾಡಿದೋನನ್ನ ಬಿಟ್ಟು ಅವನನ್ನ ಹೆತ್ತೋಳ ಹತ್ರ, ಅವಳ ಕಸುಬಿನ ಹತ್ರ, ಜಾತಿ ಹತ್ರ ಹೋಗುತ್ತೆ ನಮ್ಮ ಸಿಟ್ಟು. ಇದನ್ನ ಎಂಟುನೂರು ವರ್ಷಕ್ಕೂ ಮುಂಚೆ ಬಸವಣ್ಣನವರು ತಲೆಕೆಳಗು ಮಾಡಿದ್ರು. ಒಂದು ವಚನದಲ್ಲಿ ತಮ್ಮ ಹುಟ್ಟಿನ ಕತೆ ತಾವೇ ಕಟ್ಟಿ ಹೇಳ್ತಾರೆ. ಮಾದಾರ ಚೆನ್ನಯ್ಯನ ಮನೆ ಆಳಿನ ಮಗ, ಡೋಹರ ಕಕ್ಕಯ್ಯನ ಮನೆ ತೊತ್ತಿನ ಮಗಳು, ಇಬ್ಬರೂ ಬೆರಣಿ ಆರಿಸೋಕೆ ಹೊಲಕ್ಕೆ ಹೋದಾಗ ಕೂಡಿದ್ರು, ಅವರಿಗೆ ಹುಟ್ಟಿದೋನು ನಾನು ಅಂತಾರೆ. ಬಿಜ್ಜಳನ ಭಂಡಾರದ ಅಧಿಕಾರಿ, ಬ್ರಾಹ್ಮಣರ ಮನೇಲಿ ಹುಟ್ಟಿದೋರು. ಊರು ಬೈಗುಳಕ್ಕೆ ಇಟ್ಕೊಂಡಿದ್ದ ಹುಟ್ಟನ್ನೇ ತಮ್ಮ ಹುಟ್ಟು ಅಂತ ಎದೆ ಮೇಲೆ ಇಟ್ಕೊಂಡ್ರು. ಹಂಗೆ ಮಾಡಿದ ಮೇಲೆ ಅದು ಬೈಗುಳ ಆಗಿ ಉಳಿಯೋದು ಹೆಂಗೆ? ಬಸವ ಜಯಂತಿ ದಿನ ಆ ಫೋಟೋಗೆ ಹೂ ಹಾಕ್ತೀವಿ. ಆ ವಚನನ ನೆನೆಸ್ಕೊಂಡ್ರೆ ಸಾಕು, ಹೂ ಇಲ್ಲದಿದ್ರೂ ನಡೆಯುತ್ತೆ.

ಹಂಗಂತ ಬೈಬೇಡಿ ಅಂತ ಹೇಳ್ತಿಲ್ಲ ಕಣ್ರೇ. ಸಿಟ್ಟು ಬಂದಾಗ ಬೈಯದೆ ಇರೋಕೆ ನಾವೇನು ಸನ್ಯಾಸಿಗಳಾ? ಬೈಯೋದಾದ್ರೆ ಅವನು ಮಾಡಿದ್ದನ್ನ ಹಿಡಿದು ಬೈಯೋಣ. ನನ್ನ ಬೈಗುಳದಲ್ಲಿ ಇದ್ದ ದೊಡ್ಡ ಓರೆ ಇದು. ಮುಂಡೇಮಗ ಅಂದ್ನಲ್ಲ, ಅದರಲ್ಲಿ ತಕ್ಕಡಿ ಎಲ್ಲಿತ್ತು? ಎರಡು ಕೆಜಿ ಎಲ್ಲಿತ್ತು? ಅವನು ಮಾಡಿದ ಮೋಸದ ಹೆಸರೇ ನನ್ನ ಬಾಯಲ್ಲಿ ಬರಲಿಲ್ಲ. ಅವನ ಬದಲು ಚಿಕ್ಕವ್ವ ಏಟು ತಿಂದ್ಲು, ಅವನು ಕಳ್ಳ ಅನ್ನಿಸ್ಕೊಳ್ಳದೆ ಪಾರಾದ.

ಮಾರನೇ ದಿನ ಅವನು ಉಳಿದ ಚೀಲಕ್ಕೆ ಬಂದ. ನಾನು ಬಾಯಿ ತೆಗೆಯೋ ಮೊದಲೇ ಚಿಕ್ಕವ್ವ ಮೂಲೆಯಿಂದ ಎದ್ದು ಬಂದ್ಲು. "ಏನಪ್ಪಾ, ನಿನ್ ತಕ್ಕಡಿ ಹಸ್ದೈತಾ? ನಮ್ಮನೆ ಚೀಲದಾಗೆ ಎಲ್ಡು ಕೆಜಿ ತಿಂದೈತಲ್ಲ. ಕೌಟು ಕೊಬ್ರಿ ಹಂಗೆ ಮೇಲೆ ನೋಡಾಕ್ ಬೆಳ್ಳಗಿದೀಯ, ಒಳಗೆ ಕಮಟು" ಅಂದ್ಲು. ಕಾಯಿ ಸುಲೀತಿದ್ದೋರೆಲ್ಲ ಕೈ ನಿಲ್ಲಿಸಿ ಅವನ ಕಡೆ ನೋಡಿದ್ರು. ಅವನ ಮುಖ ಕೆಂಪಾಯ್ತು. ಅಮ್ಮನ್ನ ಬೈದಿದ್ರೆ ತಿರುಗಿ ಬಿದ್ದು ಜಗಳಕ್ಕೆ ನಿಲ್ತಿದ್ದ. ತಕ್ಕಡಿ ವಿಷಯಕ್ಕೆ ಏನಂತ ಜಗಳ ಮಾಡ್ತಾನೆ? ಪಕ್ಕದ ಮನೆ ತಕ್ಕಡೀಲೇ ತೂಗಿ ಆ ಚೀಲಕ್ಕೆ ಸರಿಯಾದ ದುಡ್ಡು ಕೊಟ್ಟ. ಹಿಂದಿನ ದಿನ ಹೋದ ಚೀಲಗಳ ಲೆಕ್ಕ ಹೋಗೇ ಹೋಯ್ತು, ಅದಕ್ಕೆ ನಮ್ಮ ಹತ್ರ ಸಾಕ್ಷಿ ಇರಲಿಲ್ಲ. ಅವನಿಗೆ ಮತ್ತೆ ನಾವು ಕೊಬ್ಬರಿ ಕೊಟ್ಟಿಲ್ಲ.

ಬಿಡೋದು ಸುಲಭ ಅಂತ ಅಂದ್ಕೋಬೇಡಿ. ಮೊನ್ನೆ ಮೊಮ್ಮಗ ಹಾಲಿನ ಪಾತ್ರೆ ಉರುಳಿಸಿದಾಗ ಆ ಮಾತು ನಾಲಿಗೆ ತುದಿಗೆ ಬಂದೇ ಬಂತು. ಹಲ್ಲು ಕಚ್ಚಿ ನಿಲ್ಲಿಸ್ಕೊಂಡೆ. ಹಂಗೇ ಮುಂದಿನ ತಿಂಗಳು ನಮ್ಮನೇಲಿ ಸೊಸೆ ಸೀಮಂತ. ಚಿಕ್ಕವ್ವನ ಮಡಿಲಿಗೆ ಮೊದಲ ಕೊಬ್ಬರಿ ಬಟ್ಟಲು ನಾನೇ ಇಡ್ತೀನಿ ಅಂತ ಮನೇಲಿ ಹೇಳಿದೀನಿ. ಇಬ್ಬರು ಮುಖ ತಿರುಗಿಸವ್ರೆ, ತಿರುಗಿಸ್ಲಿ. ನೀವೆಲ್ಲ ಬನ್ನಿ. ಬರ್ವಾಗ ನಿಮ್ಮನೇಲಿರೋ ಚಿಕ್ಕವ್ವನ್ನೂ ಕರ್ಕೊಂಡು ಬನ್ನಿ.